ಮೈಕಿನ ಕಾಕಾ ಕೂಗಿದ ಸೋಲು

ಮೊನ್ನೆ ಶಿರಹಟ್ಟಿಯಲ್ಲಿ ಕುಸ್ತಿ ಕಣದ ಕೆಂಪು ಮಣ್ಣಿಗೆ ಎಣ್ಣೆ, ಅರಿಷಿಣ, ಲಿಂಬೆರಸ, ಮಜ್ಜಿಗೆ ಹಾಕಿ ಹದ ಮಾಡುತ್ತಿದ್ದರು. ಆ ಹುಳಿಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ಅವನು ನೆನಪಾದ. ಊರವರೆಲ್ಲ ಅವನನ್ನು ‘ಮೈಕಿನ ಕಾಕಾ’ ಎಂದು ಗೌರವದಿಂದ ಕರೆಯುತ್ತಿದ್ದರು. ನಾನೂ ಎದುರಿಗೆ ಹಾಗೇ ಕರೆದೆ. ಮನಸ್ಸಿನಲ್ಲಿ ಮಾತ್ರ ಅವನು ನನಗೆ ಯಾವತ್ತೂ ಏಕವಚನ. ಇಲ್ಲೂ ಹಾಗೇ ಬರೆಯುತ್ತೇನೆ, ಯಾರಿಗೆ ಬೇಸರವಾದರೂ ಆಗಲಿ.

ಗದಗ, ಲಕ್ಷ್ಮೇಶ್ವರ, ಮುಂಡರಗಿ... ಈ ಕಡೆ ಎಲ್ಲಿ ಕಣ ಕಟ್ಟಿದರೂ ಕೂಗುವವನು ಅವನೇ, ತಾನೂ ಒಂದು ಕಾಲಕ್ಕೆ ಪೈಲ್ವಾನನಾಗಿದ್ದವನು. ಸ್ವಂತ ಮೈಕನ್ನು ಟವೆಲಿನಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಬರುತ್ತಿದ್ದ. ಪೈಲ್ವಾನ ಕಣಕ್ಕಿಳಿದರೆ ಮೊದಲು ಊರು, ಆಮೇಲೆ ಕಲಿಸಿದ ವಸ್ತಾದರು, ಕೊನೆಗೆ ಹೆಸರು. ಇದು ಅವನ ಕ್ರಮ. ಆ ಹೆಸರನ್ನು ಅವನು ಎಳೆದು ಕೂಗಿದರೆ ಸಣಕಲು ಹುಡುಗನೂ ತೊಡೆ ತಟ್ಟುತ್ತಿದ್ದ. ಕಣದ ಸುತ್ತ ಕೂತ ಹಳೆಯ ಪೈಲ್ವಾನರನ್ನೂ ಹೆಸರು ಹಿಡಿದು ಕರೆದು ಪೇಟಾ ಸುತ್ತಿಸುತ್ತಿದ್ದ. ಧ್ವನಿ ಚೆನ್ನಾಗಿತ್ತು. ಇಲ್ಲವೆಂದರೆ ಸುಳ್ಳಾದೀತು.

ನಮ್ಮಣ್ಣ ಬೆಟಗೇರಿಯ ಗರಡಿಯ ಪೈಲ್ವಾನ. ನಾನು ಆಗಷ್ಟೇ ಶಾಲೆಯಲ್ಲಿ ಮಾಸ್ತರನಾಗಿದ್ದೆ. ಆ ವರ್ಷ ಲಕ್ಷ್ಮೇಶ್ವರದ ಕಣದಲ್ಲಿ ಕೊನೆಯ ದೊಡ್ಡ ಜೋಡಿಯ ಕುಸ್ತಿ ಅಣ್ಣನದೇ. ಎದುರಾಳಿ ಅಣ್ಣನನ್ನು ಕೆಡವಿ ಮೇಲೆ ಬಿದ್ದ. ಎರಡೂ ಭುಜ ಮಣ್ಣಿಗೆ ಹತ್ತಿದರೆ ಚಿತ್, ಅಂದರೆ ಸೋಲು. ಅಣ್ಣ ಎಡಭುಜ ಎತ್ತಿ ಹಿಡಿದು, ಕುತ್ತಿಗೆಯ ಮೇಲೆ ಭಾರ ಹಾಕಿ ತಿರುಗುತ್ತಿದ್ದ. ಅದೇ ಹೊತ್ತಿಗೆ ಯಾರೋ ಗೌಡರು ಬಂದರೆಂದು ಕಾಕಾ ಕಣಕ್ಕೆ ಬೆನ್ನು ಹಾಕಿ ಪೇಟಾ ಸುತ್ತಿಸುತ್ತಿದ್ದ. ಜನ ಹೋ ಎಂದರು. ಅವನು ತಿರುಗಿಯೂ ನೋಡದೆ, ‘ಚಿತ್!’ ಎಂದು ಕೂಗಿಬಿಟ್ಟ.

ಮುಗಿಯಿತು. ಪಂಚರು ಕೈ ಎತ್ತುವ ಮೊದಲೇ ಹಲಗೆ ಬಾರಿಸುವವರು ಗೆಲುವಿನ ಪೆಟ್ಟು ಹಾಕಿದರು. ಜನ ನುಗ್ಗಿ ಎದುರಾಳಿಯನ್ನು ಹೆಗಲ ಮೇಲೆ ಎತ್ತಿಕೊಂಡರು. ಕಾಕಾ ಆಗ ತಿರುಗಿದ. ಅಣ್ಣನ ಭುಜ ಇನ್ನೂ ಎತ್ತಿಯೇ ಇತ್ತು. ಅದನ್ನು ಅವನು ನೋಡಿದ್ದನ್ನು ನಾನು ನೋಡಿದೆ. ಮೈಕ್ ಅವನ ಕೈಯಲ್ಲೇ ಇತ್ತು. ಬಾಯಿ ಬಿಡಲಿಲ್ಲ.

ಆಮೇಲೆ ಅಣ್ಣನಿಗೆ ಯಾವ ಕಣದಲ್ಲೂ ಒಳ್ಳೆಯ ಜೋಡಿ ಸಿಗಲಿಲ್ಲ. ಗರಡಿ ಬಿಟ್ಟು ಮಗ್ಗಕ್ಕೆ ಕೂತ.

“ಬಿಡೋ, ಮೈಕಿನ್ಯಾಗ ಬಂದಿದ್ದನ್ನ ಯಾರು ಒರಸ್ತಾರ?” ಎನ್ನುತ್ತಿದ್ದ.

ಅವನು ಬಿಟ್ಟ. ನಾನು ಬಿಡಲಿಲ್ಲ. ಹಲ್ಲು ಕಚ್ಚಿ, ಕಾಕಾನಂತೆ ಮೈಕಿನಲ್ಲಿ ಕೂಗುವುದನ್ನು ಕಲಿತೆ. ಮೊದಲು ಅಡರಕಟ್ಟಿಯಲ್ಲಿ, ಆಮೇಲೆ ಶಿಗ್ಲಿಯಲ್ಲಿ ಕೂಗಿದೆ. ಕಮಿಟಿಯವರು ಒಬ್ಬೊಬ್ಬರಾಗಿ ನನ್ನನ್ನೇ ಕರೆಯತೊಡಗಿದರು. ಕಾಕಾ ಮೂಲೆಗುಂಪಾದ. ಅಷ್ಟಕ್ಕೇ ನನ್ನ ಹೊಟ್ಟೆ ತಣ್ಣಗಾಗಲಿಲ್ಲ. ಅವನು ಪ್ರತಿ ಕಣಕ್ಕೂ ಬಂದು ಮುಂದಿನ ಸಾಲಿನಲ್ಲಿ ಕೂರುತ್ತಿದ್ದ. ಹಳಬರ ಹೆಸರೆಲ್ಲ ಕೂಗುತ್ತಿದ್ದೆ, ಅವನದೊಂದನ್ನು ಬಿಟ್ಟು. ಪ್ರತಿ ಹೆಸರಿಗೂ ಅವನು ಅರ್ಧ ಎದ್ದು ಮತ್ತೆ ಕೂರುತ್ತಿದ್ದ. ಅದನ್ನು ನೋಡಲೆಂದೇ ಹೆಸರುಗಳ ನಡುವೆ ಸ್ವಲ್ಪ ತಡೆಯುತ್ತಿದ್ದೆ. ಖುಷಿಯಾಗುತ್ತಿತ್ತು, ಯಾಕೆ ಮುಚ್ಚಿಡಲಿ?

ಹೀಗಿರುವಾಗಲೇ ಅಣ್ಣ ತೀರಿಕೊಂಡ. ಅದಾದ ಮೇಲೆ ಮುಂಡರಗಿಯ ಕಣದಲ್ಲಿ ಕಾಕಾ ನನ್ನ ಬಳಿ ಬಂದ.

“ಮಾಸ್ತರ, ನಾನೂ ಬಂದೇನಿ. ನೋಡೀರಿಲ್ಲೋ?”

“ನೋಡೇನಿ.”

“ಒಮ್ಮೆ ನನ್ನ ಹೆಸರ ತಗೊಳ್ರಿ. ಇನ್ನ ಎಷ್ಟ ದಿನ ಇರ್ತೀನೋ...”

ನಾನು ಮೈಕನ್ನು ಅವನ ಮುಂದೆ ಹಿಡಿದೆ. “ನಮ್ಮಣ್ಣನ ಬೆನ್ನ ಮಣ್ಣಿಗೆ ಹತ್ತಿದ್ದಿಲ್ಲಂತ ಇದರಾಗ ಹೇಳ್ರಿ. ಆಮ್ಯಾಲ ನಿಮ್ಮ ಹೆಸರ ಕೂಗ್ತೀನಿ, ಪೇಟಾನೂ ಸುತ್ತಸ್ತೀನಿ.”

 ಅವನು ಮೈಕ್ ತೆಗೆದುಕೊಂಡ. ಧ್ವನಿ ಒಡೆದಿತ್ತು.

“ಲಕ್ಷ್ಮೇಶ್ವರದ ಕಣದಾಗ ಅವತ್ತ ನಾನು ಚಿತ್ ಅಂತ ಕೂಗಿದ್ದು ಸುಳ್ಳ. ಬೆಟಗೇರಿ ಪೈಲ್ವಾನನ ಎಡಭುಜ ಎತ್ತೇ ಇತ್ತು. ನಾನು ಕಣ್ಣಾರೆ ಕಂಡೇನಿ, ಕಂಡೂ ಸುಮ್ಮನಾದೆ.”

ನಾನು ಜನರ ಮುಖ ನೋಡಿದೆ. ಎಲ್ಲ ಹೊಸ ಹುಡುಗರು. ಯಾವ ಕಣ, ಯಾವ ಪೈಲ್ವಾನ, ಯಾರಿಗೂ ಗೊತ್ತಿಲ್ಲ.

“ಅಜ್ಜಾ, ಅದ ಇರ್ಲಿ, ಮುಂದಿನ ಜೋಡಿ ಯಾವದ ಹೇಳು,” ಎಂದು ಒಬ್ಬ ಕೂಗಿದ. ಉಳಿದವರು ನಕ್ಕರು. ನಾನು ಇಷ್ಟು ವರ್ಷ ಕಾದ ಮಾತು ಆ ನಗೆಯಲ್ಲೇ ಮುಳುಗಿಹೋಯಿತು.

ಕೊಟ್ಟ ಮಾತಿನಂತೆ ಅವನ ಹೆಸರು ಕೂಗಿದೆ. ಊರು, ವಸ್ತಾದರು, ಹೆಸರು. ಪೇಟಾ ಸುತ್ತಿಸಿಕೊಂಡು ನಾಲ್ಕೂ ಕಡೆ ಕೈ ಮುಗಿದ. ಅವನಿಗೆ ಬೇಕಾದದ್ದು ಸಿಕ್ಕಿತ್ತು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಕಾಕಾ ತೀರಿಕೊಂಡ ಸುದ್ದಿ ಬಂದದ್ದು ಕಳೆದ ತಿಂಗಳು. ಮೊನ್ನೆ ಶಿರಹಟ್ಟಿಯ ಕಮಿಟಿಯವರು, “ಮಾಸ್ತರ, ಕಾಕಾನ ಬಗ್ಗೆ ಎರಡ ಮಾತ ಹೇಳ್ರಿ,” ಎಂದರು. ಹೇಳಿದೆ. ಧ್ವನಿ ದೊಡ್ಡದಿತ್ತು ಎಂದೆ. ದೊಡ್ಡ ಮನುಷ್ಯ ಎನ್ನಲಿಲ್ಲ. ಜನ ಎದ್ದು ನಿಂತರು, ಹಲಗೆ ನಿಂತಿತು.

ಅವನನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ. ಆದರೆ ಅಣ್ಣನ ಭುಜ ಎತ್ತಿಯೇ ಇತ್ತು ಎಂದು ನಾನು ಹೇಳಿದರೆ, “ಹೌದು, ನಾನೂ ಕಂಡೇನಿ” ಎನ್ನಲು ಈ ಸೀಮೆಯಲ್ಲಿ ಉಳಿದಿದ್ದವನು ಅವನೊಬ್ಬನೇ... ಈಗ ಅವನೂ ಇಲ್ಲ.