ಹಾಲಿನ ಜೊತೆ ಕೊಟ್ಟ ಮದ್ದು

ಆ ಡಾಕ್ಟರ ನಗು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಅಕ್ಕನಿಗೆ ಎದೆಯಲ್ಲಿ ಕಫ ಕಟ್ಟಿ ಜ್ವರ ಏರಿದಾಗ, ಹಳ್ಳಿಮೈಸೂರಿನ ಹತ್ತಿರದ ನಮ್ಮೂರಿನಿಂದ ಗಾಡಿ ಕಟ್ಟಿಕೊಂಡು ಹೊಳೆನರಸೀಪುರಕ್ಕೆ ಹೋದೆವು. ಆಗ ಹೊಸದಾಗಿ ಬಂದಿದ್ದ ಟೆಟ್ರಾಸೈಕ್ಲಿನ್ ಮಾತ್ರೆ ಕೊಟ್ಟು, ದಿನಕ್ಕೆ ನಾಲ್ಕು ಎಂದಷ್ಟೇ ಹೇಳಿ ಡಾಕ್ಟರು ಮುಂದಿನವರನ್ನು ಕರೆದರು.

ನಮ್ಮ ಕಡೆ ಇಂಗ್ಲಿಷ್ ಮದ್ದು ಎಂದರೆ ಕಾವು, ಕಾವಿಗೆ ಹಾಲೇ ತಂಪು. "ಬರೀ ನೀರಲ್ಲಿ ಕೊಟ್ರೆ ಕರುಳು ಸುಟ್ಟೋಯ್ತದೆ ಕಣವ್ವ" ಎಂದು ಅವ್ವ ಹೋಟೆಲಿಗೆ ಹಾಕುತ್ತಿದ್ದ ಹಾಲು ನಿಲ್ಲಿಸಿ, ಒಂದೊಂದು ಮಾತ್ರೆಗೂ ಲೋಟ ತುಂಬ ಕುಡಿಸಿದಳು. ಜ್ವರ ಇಳಿಯಲಿಲ್ಲ.

ನಾಲ್ಕನೆಯ ದಿನ ಮತ್ತೆ ಅಕ್ಕನನ್ನು ಕರೆದುಕೊಂಡು ಹೋದಾಗ ಡಾಕ್ಟರು ಅವ್ವನ ಮೇಲೆ ಹರಿಹಾಯ್ದರು. "ಮಾತ್ರೆ ಕೊಡ್ತಿದ್ದೀಯೋ, ತಿಪ್ಪೆಗೆ ಹಾಕ್ತಿದ್ದೀಯೋ?"

"ದೇವ್ರಾಣೆಗೂ ಒಂದೂ ತಪ್ಪಿಸಿಲ್ಲ ಸಾ."

ಯಾವುದರ ಜೊತೆ ಕೊಟ್ಟೆ ಎಂದು ಕೇಳಲು ಆ ಮಹಾನುಭಾವರಿಗೆ ಬಾಯಿ ಬರಲಿಲ್ಲ. ಬೈಯಲು ಧಾರಾಳವಾಗಿ ಬಂತು. ಊರಿಗೆ ಬಂದ ಅವ್ವ ಮಾತ್ರೆಗೊಂದು ಲೋಟ ಹಾಲು ಸಾಲದೆಂದು ಎರಡು ಲೋಟ ಮಾಡಿದಳು. ವಾರ ದಾಟುವ ಮೊದಲೇ ಅಕ್ಕ ಹೋದಳು.

ಕೆಲವು ವರ್ಷಗಳ ಮೇಲೆ ನಾನು ಹಾಸನದಲ್ಲಿ ನರ್ಸ್ ತರಬೇತಿಗೆ ಸೇರಿದೆ. ಒಂದು ದಿನ ಪಾಠದಲ್ಲಿ ಹೇಳಿದರು: ನುಂಗಿದ ಮದ್ದು ಕರುಳಿನ ತೆಳು ಪೊರೆ ದಾಟಿ ರಕ್ತ ಸೇರಿದರಷ್ಟೇ ಕೆಲಸ ಮಾಡುತ್ತದೆ. ಟೆಟ್ರಾಸೈಕ್ಲಿನ್ನನ್ನು ಹಾಲಿನ ಸುಣ್ಣದಂಶ ಹಿಡಿದುಕೊಂಡುಬಿಡುತ್ತದೆ. ಆಮೇಲೆ ಅದರ ಬಹುಪಾಲು ಪೊರೆ ದಾಟದೆ ಮಲದಲ್ಲಿ ಹೋಗುತ್ತದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರೆ. ನಮ್ಮದು ಬಾಯಿಗೂ ಬಂತು, ಗಂಟಲಿಗೂ ಇಳಿಯಿತು, ಆದರೂ ದಕ್ಕಲಿಲ್ಲ. ಪಾಠ ಮುಗಿಯುವ ತನಕ ಕೂರಲಾಗದೆ ನಾನು ಎದ್ದು ಹೊರಗೆ ಬಂದೆ.

ರಜೆ ಸಿಕ್ಕಿದಾಗ ನೇರ ಆ ಡಾಕ್ಟರ ಹತ್ತಿರ ಹೋಗಿ, ಅಕ್ಕನ ವಿಷಯ ನೆನಪಿಸಿ, ಹಾಲಿನ ಜೊತೆ ಕೊಡಬಾರದೆಂದು ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಇದೆಲ್ಲ ಹೇಳಿದ್ರೆ ನಿಮ್ಮ ತಾಯಿಗೆ ಅರ್ಥ ಆಗ್ತಿತ್ತೇನಮ್ಮ?" ಎಂದು ಅವರು ನಕ್ಕರು.

"ಪೊರೆ ಗಿರೆ ಅರ್ಥ ಆಯ್ತಿರ್ಲಿಲ್ಲ ಸಾ. ಆಲು ಕೊಡಬ್ಯಾಡ ಅಂದಿದ್ರೆ ಅರ್ಥ ಆಯ್ತಿತ್ತು!" ಕಲಿತ ಪೇಟೆ ಮಾತೆಲ್ಲ ಮರೆತು ಕಿರುಚಿದೆ. ಕಾದು ಕೂತಿದ್ದವರು ತಿರುಗಿ ನೋಡಿದರು. ನೋಡಲಿ ಬಿಡು ಅನ್ನಿಸಿತು.

ಅವ್ವನಿಗೂ ಎಲ್ಲ ಹೇಳಿಬಿಡಬೇಕೆಂದು ಅದೇ ಸಿಟ್ಟಿನಲ್ಲಿ ಊರಿಗೆ ಹೋದೆ. ಅಕ್ಕನ ಮಾತು ಎತ್ತಿದ್ದೇ ತಡ, ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಇನ್ನೊಂದೊಂದು ಲೋಟ ಜಾಸ್ತಿ ಕುಡಿಸಿದ್ರೆ ಉಳ್ಕತಿದ್ಲು ಕಣವ್ವ. ನಂದೇ ತಪ್ಪು."

ಅವ್ವ ಸಾಯುವವರೆಗೂ ನಾನು ಬಾಯಿ ಬಿಡಲಿಲ್ಲ.