ಆ ತಾಯಿ ಆಡದ ಮಾತು

ಗಡಿಯಲ್ಲಿ ಯುದ್ಧ ಶುರುವಾದ ವಾರ ನಾನು ಬರೆದ ಮೊದಲ ಪ್ರಕಟಣೆ ಸೈರನ್ ಬಗ್ಗೆ. ಸೈರನ್ ಕೂಗಿದರೆ ಕಿಟಕಿಯಿಂದ ದೂರ ಇರಿ, ಲಿಫ್ಟ್ ಬಳಸಬೇಡಿ, ವದಂತಿ ನಂಬಬೇಡಿ. ಆಗ ನಾನು ಕಂಟೋನ್ಮೆಂಟಿನ ಒಂದು ಸರ್ಕಾರಿ ಕಚೇರಿಯಲ್ಲಿ ಗುತ್ತಿಗೆ ಮೇಲೆ ಕನ್ನಡದ ಪ್ರಕಟಣೆಗಳನ್ನು ಬರೆಯುತ್ತಿದ್ದೆ. ನನ್ನ ಎರಡು ಕಥಾಸಂಕಲನ ಬಂದಿದ್ದವು, ಅವನ್ನು ನೋಡಿಯೇ ಕೆಲಸ ಕೊಟ್ಟಿದ್ದರು. ಪಕ್ಕದ ಮೇಜಿನಲ್ಲಿ ಪುಲಿಕೇಶಿನಗರದ ಗೆಳತಿ, ಉರ್ದು ಕವಿ. ನಾನು ಬರೆದದ್ದನ್ನು ಅವಳು ಉರ್ದುವಿಗೆ ತರುತ್ತಿದ್ದಳು. ಮೊದಲು ಊಟದ ಹೊತ್ತಿಗೆ ಅವಳು ಹೊಸ ಪದ್ಯ ಓದಿ ಅರ್ಥ ಹೇಳುತ್ತಿದ್ದಳು. ಆ ವಾರದಿಂದ ಅದು ನಿಂತುಹೋಯಿತು. ನಿಲ್ಲಿಸೋಣ ಅಂತ ಇಬ್ಬರೂ ಅಂದುಕೊಂಡಿರಲಿಲ್ಲ.

ಹಲಸೂರಿನ ನಮ್ಮ ಬೀದಿಯಲ್ಲಿ ಅಭ್ಯಾಸಕ್ಕೆಂದು ಸೈರನ್ ಕೂಗಿಸಿದಾಗ ಜನ ಬಾಲ್ಕನಿಗೆ ಬಂದು ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡರು. ಕಿಟಕಿಯಿಂದ ದೂರ ಇರಿ ಅಂತ ಬರೆದ ನಾನೂ ಕಿಟಕಿಯಲ್ಲೇ ನಿಂತು ನೋಡಿದೆ. ಹೆದರಿಕೆ ಆಗಲಿಲ್ಲ. ಏನೂ ಆಗಲಿಲ್ಲ.

ಕೆಲವು ದಿನಕ್ಕೆ ನಮ್ಮ ರಾಜ್ಯದ ಒಬ್ಬ ಸೈನಿಕ ತೀರಿಕೊಂಡ ಸುದ್ದಿ ಬಂತು. ಊರು ಕಲಬುರಗಿ ಕಡೆಯದು, ಆದರೆ ತಂದೆ ತಾಯಿ ಕೆ.ಆರ್. ಪುರದಲ್ಲಿ ಬಾಡಿಗೆ ರೂಮಿನಲ್ಲಿದ್ದರು. ತಂದೆ ಗಾರೆ ಕೆಲಸ, ತಾಯಿ ಸಿ.ವಿ. ರಾಮನ್ ನಗರದ ಫ್ಲ್ಯಾಟುಗಳಲ್ಲಿ ಮನೆಗೆಲಸ. ಮೇಲಧಿಕಾರಿ ನನ್ನನ್ನು ಕರೆದು, "ಅವರು ಊರಿಗೆ ಹೊರಡೋ ಮುಂಚೆ ಹೋಗಿ ತಾಯಿ ಹತ್ರ ಎರಡು ಮಾತು ತಗೊಂಬನ್ನಿ. ನೀವು ಹೆಂಗಸರು, ನಿಮ್ಮ ಹತ್ರ ಮಾತಾಡ್ತಾರೆ" ಅಂದರು.

ಹೋದೆ. ಆ ವಠಾರದಲ್ಲಿ ಸಾಲಾಗಿ ಎಂಟು ಬಾಗಿಲು, ಒಂದೇ ನಲ್ಲಿ. ಅಷ್ಟೊಂದು ಹೆಂಗಸರು ಸೇರಿದ್ದರೂ ನಲ್ಲಿ ತೊಟ್ಟಿಕ್ಕುವುದು ಕೇಳುತ್ತಿತ್ತು. ತಾಯಿ ಗೋಡೆಗೆ ಒರಗಿ ಕೂತಿದ್ದರು. ಕೆಲಸದ ಮನೆಯಿಂದ ನೇರವಾಗಿ ಬಂದವರು, ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದು ಹಾಗೇ ಇತ್ತು. ನಾನು ಪಕ್ಕದಲ್ಲಿ ಕೂತು, "ಅಮ್ಮಾ, ಮಗನ ಬಗ್ಗೆ ಏನಾದ್ರೂ ಹೇಳ್ತೀರಾ?" ಅಂದೆ. ನನಗೇ ಕೇಳಿಸದ ಹಾಗೆ ಕೇಳಿದೆ.

ಅವರು ನಲ್ಲಿಯ ಕಡೆ ನೋಡುತ್ತ, "ಹ್ವಾದ ಸಲ ರಜಾ ಮುಗಿಸಿ ಹೋಗಾಗ ಉಂಡು ಹೋದ್ನೋ ಇಲ್ಲೋ, ನೆನಪ ಬರವಲ್ದು" ಅಂದರು. ಅಷ್ಟೇ. ಪುಸ್ತಕದಲ್ಲಿ ಬರೆದುಕೊಂಡು ಎದ್ದು ಬಂದೆ. ಆಟೋದಲ್ಲಿ ಅಳು ಬರಬಹುದು ಅಂದುಕೊಂಡಿದ್ದೆ, ಬರಲಿಲ್ಲ.

ಮೇಲಧಿಕಾರಿ ಓದಿ ಕಾಗದ ವಾಪಸ್ ಕೊಟ್ಟರು. "ಇದನ್ನ ಹಾಕಕ್ಕಾಗಲ್ಲಮ್ಮಾ. ಜನಕ್ಕೆ ಧೈರ್ಯ ಬರೋ ಹಂಗಿರ್ಬೇಕು. ನೀವು ಕಥೆಗಾರ್ತಿ, ನಿಮಗೆ ಹೇಳ್ಕೊಡ್ಬೇಕಾ?"

ನಾನು ವಾದ ಮಾಡಬಹುದಿತ್ತು. ಮಾಡಲಿಲ್ಲ. ಕೂತು ಬರೆದೆ: "ಇನ್ನೊಬ್ಬ ಮಗನಿದ್ದಿದ್ದರೆ ಅವನನ್ನೂ ದೇಶಕ್ಕೆ ಕೊಡುತ್ತಿದ್ದೆ." ಒಂದು ನಿಮಿಷವೂ ಹಿಡಿಯಲಿಲ್ಲ.

ಗೆಳತಿ ಅದನ್ನು ಉರ್ದುವಿಗೆ ಮಾಡುವಾಗ ತಲೆ ಎತ್ತಿದಳು. "ಇದು ಆ ಅಮ್ಮ ಹೇಳಿದ್ದಾ?"

"ಇಲ್ಲ."

ಅವಳು ಮತ್ತೆ ಹಾಳೆಯ ಕಡೆ ತಿರುಗಿದಳು. ಆಮೇಲೆ, "ಕೊಡೋದಕ್ಕೆ ಏನು ಹಾಕ್ಲಿ? ದೇನಾ ಹಾಕ್ಲಾ, ಕುರ್ಬಾನ್ ಹಾಕ್ಲಾ?" ಅಂದಳು.

"ಯಾವುದು ಸರಿ ಅನ್ಸತ್ತೋ ಅದು."

"ಕುರ್ಬಾನ್ ಅಂದ್ರೆ ಬಲಿ ಕೊಟ್ಟ ಹಾಗೆ, ಜಾಸ್ತಿ ಆಗತ್ತೆ," ಅಂತ ದೇನಾ ಹಾಕಿದಳು.

ಮರುದಿನ ಎಲ್ಲ ಪೇಪರಿನಲ್ಲೂ ಆ ಸಾಲೇ ತಲೆಬರಹ. ಟೀವಿಯಲ್ಲಿ ಓದಿದರು. ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ನನಗೇ ನಾಲ್ಕು ಸಲ ಬಂತು. ಕೆಳಗೆ ಕೈ ಮುಗಿದ ಚಿತ್ರಗಳು. ಮೇಲಧಿಕಾರಿ ಎಲ್ಲರೆದುರು ನನ್ನನ್ನು ಹೊಗಳಿದರು. ನಾನು ಥ್ಯಾಂಕ್ಸ್ ಹೇಳಿದೆ.

ಯುದ್ಧ ಬೇಗ ನಿಂತಿತು. ತಿಂಗಳೊಪ್ಪತ್ತಿಗೆ ಆ ಮನೆಯವರು ಕೆಲಸಕ್ಕೆಂದು ಊರಿಂದ ವಾಪಸ್ ಬಂದರು. ಸಂತಾಪ ಪತ್ರಕ್ಕೆ ಕಟ್ಟು ಹಾಕಿಸಿ ಕೊಟ್ಟುಬರುವ ಕೆಲಸವೂ ನನಗೇ ಬಿತ್ತು. ಅದನ್ನು ಬರೆದವಳೂ ನಾನೇ. ಹೋದಾಗ ತಾಯಿ ಅಕ್ಕಿ ಆರಿಸುತ್ತಿದ್ದರು, ಕಾಲೇಜಿಗೆ ಹೋಗುವ ಮಗಳು ಚಹಾ ಮಾಡಿದಳು. ಪತ್ರದಲ್ಲೂ ಅದೇ ಸಾಲಿತ್ತು. ಮಗಳು ಗಟ್ಟಿಯಾಗಿ ಓದಿ ತಾಯಿಯ ಕಡೆ ತಿರುಗಿದಳು.

"ಯವ್ವಾ, ಎಲ್ಲಾರೂ ಇದನ್ನೇ ಹೇಳ್ತಾರ, ನೀ ಖರೇನೇ ಹಿಂಗ ಅಂದಿದ್ದೇನು?"

ತಾಯಿ ಕೈ ನಿಲ್ಲಿಸಿ ಯೋಚಿಸಿದರು. "ನನಗೆಲ್ಲಿ ನೆನಪದ? ಪೇಪರ್‌ನಾಗ ಬಂದದ ಅಂದ್ರ ಅಂದಿರಬೇಕು."

ಅವರು ನಿಜವಾಗಿ ನಂಬಿದ್ದರು. ನಾನು ಹೇಳಿಬಿಟ್ಟೆ. "ಇಲ್ಲಮ್ಮಾ. ನೀವು ಹೇಳ್ಲಿಲ್ಲ. ನಾನೇ ಬರ್ದಿದ್ದು."

ಮಗಳು ನನ್ನನ್ನೇ ನೋಡಿದಳು. ತಾಯಿಗೆ ಸಿಟ್ಟು ಬಂದ ಹಾಗೆ ಕಾಣಲಿಲ್ಲ. "ಮತ್ತ ನಾ ಏನಂದಿದ್ದೆ?" ಅಂದರು.

ಅವರ ಮಾತನ್ನು ಅವರಿಗೇ ಹೇಳಿದೆ. ಮಗಳು ಗ್ಯಾಸ್ ಆರಿಸಿ ಬಂದು ತಾಯಿಯ ಪಕ್ಕ ಕೂತಳು. "ಉಂಡಿದ್ದ ಬೇ. ನೀ ಕೆಲಸಕ್ಕ ಹೋಗಿದ್ದಿ. ನಾನೇ ಬಡಿಸೀನಿ. ಎರಡು ರೊಟ್ಟಿ, ಪುಂಡಿಪಲ್ಲೆ." ತಾಯಿ "ಹೌದಾ?" ಅಂದರು. ಮತ್ತೊಮ್ಮೆ ಕೇಳಿದರು. ಮಗಳು ಮತ್ತೊಮ್ಮೆ ಹೇಳಿದಳು.

"ತಪ್ಪಾಯ್ತು ಅಂತ ಪೇಪರಿನವರಿಗೆ ತಿಳಿಸ್ತೀನಿ, ತಿದ್ದಿ ಹಾಕ್ತಾರೆ" ಅಂದೆ.

"ಬ್ಯಾಡ್ರಿ" ಅಂದರು ತಾಯಿ. "ಊರಾಗ ಎಲ್ಲಾರೂ ಓದ್ಯಾರ. ಸಭಾದಾಗ ಅದನ್ನೇ ಹೇಳಿ ನನಗ ಶಾಲು ಹೊದಿಸ್ಯಾರ. ಈಗ ನಾ ಅಂದಿಲ್ಲ ಅಂದ್ರ ನನ್ನ ಮಗನಿಗಿ ಕಮ್ಮಿ ಆಗ್ತದ. ಇರ್ಲಿ ಬಿಡ್ರಿ."

ಮಗಳು ಮಾತ್ರ ನನ್ನ ಜೊತೆ ಮತ್ತೆ ಮಾತಾಡಲಿಲ್ಲ. ಚಹಾ ಕೊಟ್ಟಳು, ಕುಡಿದೆ.

ಗುತ್ತಿಗೆ ಮುಗಿದಾಗ ನಾನು ಮುಂದುವರಿಸಲಿಲ್ಲ. ಗೆಳತಿ ಇನ್ನೂ ಅಲ್ಲೇ ಇದ್ದಾಳೆ. ಫೋನ್ ಮಾಡಿದರೆ ಮಕ್ಕಳ ಪರೀಕ್ಷೆ, ಅವಳ ಮನೆ ಹತ್ತಿರದ ಮಾಸ್ಕ್ ರೋಡಿನ ಟ್ರಾಫಿಕ್ಕು ಅಂತ ಮಾತಾಡುತ್ತೇವೆ. ಈ ವರ್ಷ ನಾನು ಬರೆದದ್ದು ಒಂದೇ ಕಥೆ. ಓದಿದ ಸಂಪಾದಕಿ, "ಚೆನ್ನಾಗಿದೆ, ಆದ್ರೆ ಇದ್ರಲ್ಲಿ ಯಾರೂ ಬಾಯೇ ಬಿಡಲ್ವಲ್ಲ ರೀ" ಅಂದರು. ಹೌದು ಅಂದೆ. ಸ್ವಲ್ಪ ಸಂಭಾಷಣೆ ಸೇರಿಸಿ ಕಳಿಸಿ ಅಂದಿದ್ದಾರೆ. ಕಳಿಸಿಲ್ಲ.