ಟೊಪ್ಪಿಗೆ ತೆಗೆದರೆ ಯಂತ್ರ

ಎಪ್ಪತ್ತರ ದಶಕದಲ್ಲಿ ಮುದ್ದೇಬಿಹಾಳದ ಕಾಲೇಜಿನಲ್ಲಿ ನಮಗೆ ಗಣಿತ ಕಲಿಸುತ್ತಿದ್ದ ಮಾಸ್ತರರು ಕಂಪ್ಯೂಟರನ್ನು ಕಣ್ಣಿಂದ ಕಂಡವರಲ್ಲ. ಪ್ರೋಗ್ರಾಂ ಬರೆಯುವುದನ್ನು ಪುಸ್ತಕ ಓದಿ ತಾವೇ ಕಲಿತು, ಸಂಜೆ ನಮ್ಮಲ್ಲಿ ನಾಲ್ಕು ಮಂದಿಗೆ ಹೇಳಿಕೊಡುತ್ತಿದ್ದರು. ಮೇಜಿನ ಮೇಲೆ ಖಾಲಿ ಕಡ್ಡಿಪೆಟ್ಟಿಗೆಗಳ ಸಾಲು. ಒಂದೊಂದರಲ್ಲಿ ಅಂಕಿ ಬರೆದ ಒಂದೊಂದು ಚೀಟಿ. ತಲೆಯ ಬಿಳಿ ಟೊಪ್ಪಿಗೆ ತೆಗೆದಿಟ್ಟು, "ಈಗ ನಾ ಮಾಸ್ತರಲ್ಲ, ಯಂತ್ರ" ಎನ್ನುವರು. ಆಮೇಲೆ ನಾವು ಬರೆದಷ್ಟನ್ನೇ ಮಾಡುವರು.

ಪುಣೆಯಲ್ಲಿದ್ದ ಅವರ ಗೆಳೆಯರೊಬ್ಬರು ತಮ್ಮ ಕಚೇರಿಯ ಕಂಪ್ಯೂಟರಿನಲ್ಲಿ ನಮ್ಮದೊಂದು ಪ್ರೋಗ್ರಾಂ ಓಡಿಸಲು ಒಪ್ಪಿದರು, ಒಂದೇ ಸಲ. ಮುದ್ದೇಬಿಹಾಳದಿಂದ ಐದು ಊರುಗಳಿಗಿರುವ ದೂರವನ್ನು ಕಡಿಮೆಯಿಂದ ಹೆಚ್ಚಿಗೆ ಜೋಡಿಸುವ ನನ್ನ ಪ್ರೋಗ್ರಾಂ ಆಯ್ಕೆಯಾಯಿತು. ಅಂಚೆಗೆ ಹಾಕುವ ದಿನ ಮಾಸ್ತರರು ಟೊಪ್ಪಿಗೆ ತೆಗೆದರು. ಮೊದಲ ಪೆಟ್ಟಿಗೆಯಲ್ಲಿದ್ದ ಸಿಂದಗಿಯೂ ಎರಡನೆಯದರಲ್ಲಿದ್ದ ಬಾಗೇವಾಡಿಯೂ ಅದಲು ಬದಲಾಗಬೇಕಿತ್ತು. ನಾನು ಬರೆದಂತೆ ಬಾಗೇವಾಡಿಯನ್ನು ಮೊದಲ ಪೆಟ್ಟಿಗೆಗೆ ಹಾಕಿದರು. ಅಲ್ಲಿದ್ದ ಸಿಂದಗಿಯ ಚೀಟಿಯನ್ನು ಹರಿದೆಸೆದರು.

"ಸರ್, ಅದು ಬೇಕ್ರಿ!" ಎಂದು ಕೂಗಿದೆ.

"ಬೇಕಂತ ಎಲ್ಲಿ ಬರದೀಯವ್ವಾ? ಒಂದು ಪೆಟ್ಟಿಗ್ಯಾಗ ಒಂದ ಚೀಟಿ. ಸಿಂದಗಿ ಹೋತು."

ಅದಲು ಬದಲು ಮುಗಿಯುವವರೆಗೆ ಸಿಂದಗಿಯನ್ನು ಇರಿಸಲು ಬೇರೊಂದು ಖಾಲಿ ಪೆಟ್ಟಿಗೆ ಬೇಕೆಂದು ಆಗ ಹೊಳೆಯಿತು. ತಿದ್ದಿ ಕಳಿಸಿದೆವು.

ತಿಂಗಳ ಮೇಲೆ ಪುಣೆಯಿಂದ ಅಚ್ಚಾದ ಹಾಳೆ ಬಂತು. ಐದೂ ಊರುಗಳ ದೂರ ಸಾಲಾಗಿತ್ತು. ನಾವು ಕುಣಿದೆವು. ಮಾಸ್ತರರು ಟೊಪ್ಪಿಗೆ ತೆಗೆದಿಟ್ಟು, ಕಡ್ಡಿಪೆಟ್ಟಿಗೆಗಳನ್ನು ಹರಡಿ, ಮೊದಲಿನಿಂದ ಎಲ್ಲವನ್ನೂ ಮಾಡಿ ನೋಡಿದರು. ಬಳಿಕ ಟೊಪ್ಪಿಗೆ ಹಾಕಿಕೊಂಡು, ಆ ಹಾಳೆಯ ಕೆಳಗೆ ಕೆಂಪು ಶಾಯಿಯಲ್ಲಿ ಸರಿ ಗುರುತು ಹಾಕಿದರು.

"ಆ ಯಂತ್ರಾನೂ ಬರೋಬ್ಬರಿ ಮಾಡೇತಿ" ಎಂದರು.